ಕಾಲಾ-ಅಜಾರ್ ಗೆದ್ದ ಉಪೇಂದ್ರನಾಥ ಬ್ರಹ್ಮಚಾರಿ: ಒಂದೇ ರಕ್ತದಲ್ಲಿ ಎರಡು ರೋಗ ಹುಡುಕಲು ಕಲಿಸುವ ಬದುಕು

1943ರ ಡಿಸೆಂಬರ್ 5. ಹಾಡಹಗಲೇ ಜಪಾನಿನ ಯುದ್ಧವಿಮಾನಗಳು ಕೋಲ್ಕತ್ತದ ಖಿದಿರ್‌ಪುರ ಬಂದರಿನ ಮೇಲೆ ಬಾಂಬ್ ಸುರಿಸಿದವು. ಪಕ್ಕದಲ್ಲೇ ಹೂಗ್ಲಿ ನದಿಯ ದಂಡೆಯುದ್ದಕ್ಕೂ ಹರಡಿರುವ ಪ್ರದೇಶ ಗಾರ್ಡನ್ ರೀಚ್. ಹಡಗುಕಟ್ಟೆ, ರೈಲ್ವೆ ಕಚೇರಿ, ಕಾರ್ಖಾನೆ, ಕೂಲಿಕಾರರ ಕೇರಿಗಳಿಂದ ಕಿಕ್ಕಿರಿದ ಜಾಗ ಅದು. ಅಂದಿನ ದಾಳಿಯಲ್ಲಿ ನೂರಾರು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಂದರಿನ ಕಾರ್ಮಿಕರು.

ಇಂಥ ದಿನ ಬರಬಹುದೆಂದು ನಗರ ಮೊದಲೇ ಅಂದಾಜಿಸಿತ್ತು. 1942ರಲ್ಲೇ ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ರೆಡ್ ಕ್ರಾಸ್ ನೆರವಿನಿಂದ ರಕ್ತನಿಧಿ ಆರಂಭವಾಗಿತ್ತು. ದೇಶದ ಮೊದಲ ಬ್ಲಡ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಬಂಗಾಳದಲ್ಲಿ ರಕ್ತ ಕೊಡುವ, ರಕ್ತ ಕೂಡಿಡುವ ಈ ಹೊಸ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಮುಖ್ಯರು ಡಾ. ಉಪೇಂದ್ರನಾಥ ಬ್ರಹ್ಮಚಾರಿ. ಬಂಗಾಳದ ರಕ್ತ ವರ್ಗಾವಣೆ ಸೇವೆಯ ಅಧ್ಯಕ್ಷರಾಗಿದ್ದ ಅವರು, ಅದಕ್ಕೂ ಮೊದಲು ಒಂದು ಚುಚ್ಚುಮದ್ದಿನಿಂದ ಲಕ್ಷಾಂತರ ಜೀವ ಉಳಿಸಿದ್ದ ವೈದ್ಯ.

ಆದರೆ ಅಂದು ಆ ರಕ್ತದ ಬಾಟಲಿಗಳಲ್ಲಿ ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಎಂಬ ಎರಡು ವೈರಸ್‌ಗಳು ಅಡಗಿರಬಹುದೆಂದು ಅವರಿಗಾಗಲಿ, ಜಗತ್ತಿನ ಬೇರೆ ಯಾವ ವೈದ್ಯರಿಗಾಗಲಿ ಗೊತ್ತಿರಲಿಲ್ಲ. ಇಂದು ನಮಗೆ ಗೊತ್ತಿದೆ. ಆದರೂ ಒಂದು ಸೋಂಕು ಪತ್ತೆಯಾದ ಮೇಲೆ ಇನ್ನೊಂದನ್ನು ಹುಡುಕುವುದು ಎಷ್ಟೋ ಸಲ ಮರೆತೇ ಹೋಗುತ್ತದೆ. ಒಂದೇ ದೇಹದಲ್ಲಿ ಎರಡೂ ಇರುವ 'ಜೋಡಿ ಸೋಂಕಿ'ನ ಅಪಾಯ ಅರ್ಥವಾಗಬೇಕಾದರೆ ಬ್ರಹ್ಮಚಾರಿಯವರ ಬದುಕನ್ನು ಒಮ್ಮೆ ನೋಡಬೇಕು.

ರೈಲ್ವೆ ಡಾಕ್ಟರ ಮಗ

ಉಪೇಂದ್ರನಾಥರು ಹುಟ್ಟಿದ್ದು 1873ರ ಡಿಸೆಂಬರ್ 19ರಂದು. ಕುಟುಂಬದ ಮೂಲ ಊರು ಬರ್ದ್ವಾನ್ ಜಿಲ್ಲೆಯ ಪೂರ್ಬಸ್ಥಲಿ ಬಳಿಯ ಸರ್‌ಡಾಂಗಾ. ತಂದೆ ನೀಲಮಣಿ ಬ್ರಹ್ಮಚಾರಿ ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ವೈದ್ಯರು. ಬಿಹಾರದ ಜಮಾಲ್‌ಪುರದಲ್ಲಿ ಅವರ ಕೆಲಸ. ರೈಲ್ವೆ ವರ್ಕ್‌ಶಾಪ್‌ನ ಆ ಊರಲ್ಲೇ ಮಗನ ಶಾಲೆಯ ಓದು ನಡೆಯಿತು.

ಅಂದಹಾಗೆ, 'ಬ್ರಹ್ಮಚಾರಿ' ಎಂಬುದು ಮನೆತನದ ಹೆಸರು. ಅವರು 1898ರಲ್ಲಿ ನನಿಬಾಲಾ ದೇವಿಯವರನ್ನು ಮದುವೆಯಾಗಿ ಸಂಸಾರ ನಡೆಸಿದವರು.

ಹುಡುಗನಿಗೆ ಮೊದಲು ಒಲಿದದ್ದು ಗಣಿತ ಮತ್ತು ರಸಾಯನಶಾಸ್ತ್ರ. ಹೂಗ್ಲಿಯ ಮೊಹ್ಸಿನ್ ಕಾಲೇಜಿನಿಂದ 1893ರಲ್ಲಿ ಬಿ.ಎ., ಮರುವರ್ಷ ಪ್ರೆಸಿಡೆನ್ಸಿ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಎಂ.ಎ. ಆಮೇಲೆ ಕಲ್ಕತ್ತಾ ಮೆಡಿಕಲ್ ಕಾಲೇಜು ಸೇರಿ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸೆ ಎರಡರಲ್ಲೂ ಮೊದಲ ಸ್ಥಾನ ಪಡೆದರು. 1902ರಲ್ಲಿ ಎಂ.ಡಿ., 1904ರಲ್ಲಿ ಪಿಎಚ್‌.ಡಿ. ಪ್ರಬಂಧದ ವಿಷಯ ಕೆಂಪು ರಕ್ತಕಣಗಳು ಒಡೆಯುವ ಕ್ರಿಯೆ.

ಅಂದರೆ 30 ವರ್ಷ ದಾಟುವ ಹೊತ್ತಿಗೆ ಅವರು ರಸಾಯನಶಾಸ್ತ್ರಜ್ಞರೂ ಹೌದು, ವೈದ್ಯರೂ ಹೌದು, ರಕ್ತದ ಅಧ್ಯಯನ ಮಾಡಿದವರೂ ಹೌದು. ಮುಂದಿನ ಕೆಲಸಕ್ಕೆ ಈ ಮೂರೂ ಬೇಕಾದವು.

ಢಾಕಾದ ವೈದ್ಯಕೀಯ ಶಾಲೆಯಲ್ಲಿ ಕೆಲ ವರ್ಷ ಪಾಠ ಮಾಡಿ, 1905ರಲ್ಲಿ ಅವರು ಕೋಲ್ಕತ್ತದ ಸಿಯಾಲ್‌ದಾದಲ್ಲಿದ್ದ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಗೆ ಬಂದರು. ಇಂದಿನ ನೀಲ್ ರತನ್ ಸರ್ಕಾರ್ ವೈದ್ಯಕೀಯ ಕಾಲೇಜು ಅದೇ. ಸುಮಾರು ಎರಡು ದಶಕ ಅದೇ ಅವರ ಕರ್ಮಭೂಮಿಯಾಯಿತು.

ಮಲೇರಿಯಾ ಎಂದುಕೊಂಡು ಸತ್ತವರು

ಆಗಿನ ಬಂಗಾಳ ಮತ್ತು ಅಸ್ಸಾಂನಲ್ಲಿ ಒಂದು ಜ್ವರ ಹಳ್ಳಿಗೆ ಹಳ್ಳಿಯನ್ನೇ ಖಾಲಿ ಮಾಡುತ್ತಿತ್ತು. ಅದರ ಹೆಸರು ಕಾಲಾ-ಅಜಾರ್. ವಾರಗಟ್ಟಲೆ ಬಿಡದ ಜ್ವರ, ಮೈ ಕಪ್ಪಾಗುವುದು, ರಕ್ತ ಬತ್ತಿ ಬಿಳಿಚಿಕೊಳ್ಳುವುದು, ಗುಲ್ಮ ಮತ್ತು ಲಿವರ್ ಊದಿ ಹೊಟ್ಟೆ ಗಡಿಗೆಯಂತಾಗುವುದು ಇದರ ಲಕ್ಷಣ. ಚಿಕಿತ್ಸೆ ಇಲ್ಲದಿದ್ದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಬದುಕುತ್ತಿರಲಿಲ್ಲ.

ದೊಡ್ಡ ತೊಂದರೆ ಏನೆಂದರೆ, ಇದು ನೋಡಲು ಮಲೇರಿಯಾದಂತೆಯೇ ಇತ್ತು. ಎರಡರಲ್ಲೂ ಜ್ವರ, ಎರಡರಲ್ಲೂ ಗುಲ್ಮ ಊದುತ್ತದೆ. ಮಲೇರಿಯಾ ಸೊಳ್ಳೆಯ ಗುಟ್ಟು ಬಿಡಿಸಿ ನೊಬೆಲ್ ಗೆದ್ದ ರೊನಾಲ್ಡ್ ರಾಸ್ ಅವರನ್ನೇ 1898ರಲ್ಲಿ ಈ ರೋಗದ ತನಿಖೆಗೆ ಅಸ್ಸಾಂಗೆ ಕಳುಹಿಸಲಾಗಿತ್ತು. ಅವರೂ ಇದನ್ನು ಮಲೇರಿಯಾದ ಜೊತೆಗೇ ತಳಕು ಹಾಕಿದರು.

ಗಂಟು ಬಿಚ್ಚಿದ್ದು 1903ರಲ್ಲಿ. ಕೋಲ್ಕತ್ತ ಬಳಿಯ ಡಮ್‌ಡಮ್‌ನಲ್ಲಿ ಸೇವೆಯಲ್ಲಿದ್ದು ಇಂಗ್ಲೆಂಡಿನಲ್ಲಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ವಿಲಿಯಂ ಲೀಶ್‌ಮನ್ ಸಣ್ಣ ಜೀವಿಗಳನ್ನು ಕಂಡಿದ್ದರು. ಮದ್ರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಅವನ್ನೇ ಕಂಡರು. ಇಬ್ಬರ ಹೆಸರೂ ಸೇರಿ ಆ ಜೀವಿಗೆ ಲೀಶ್‌ಮೇನಿಯಾ ಡೊನೊವಾನಿ ಎಂಬ ಹೆಸರು ಬಂತು. ಅದನ್ನು ಹರಡುವುದು ಮರಳುನೊಣ ಎಂಬುದು ಸಾಬೀತಾಗಲು ಮಾತ್ರ 1942ರವರೆಗೆ ಕಾಯಬೇಕಾಯಿತು.

ರೋಗಾಣು ಗೊತ್ತಾದರೂ ಹಾಸಿಗೆಯ ಮೇಲಿನ ರೋಗಿಗೆ ಯಾವ ಜ್ವರ ಎಂದು ಹೇಳುವುದು ಸುಲಭವಾಗಿರಲಿಲ್ಲ. ಊದಿದ ಗುಲ್ಮಕ್ಕೆ ಸೂಜಿ ಚುಚ್ಚಿ ತೆಗೆದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಅದು ಅಪಾಯದ ಕೆಲಸ. ರಕ್ತಸಾರಕ್ಕೆ ಭಟ್ಟಿ ಇಳಿಸಿದ ನೀರು ಬೆರೆಸಿ, ಅದು ಕದಡುವುದನ್ನು ನೋಡಿ ಕಾಲಾ-ಅಜಾರ್ ಸುಳಿವು ಹಿಡಿಯುವ ಸರಳ ವಿಧಾನವನ್ನು ಬ್ರಹ್ಮಚಾರಿ ರೂಪಿಸಿದರು.

ಈ ರೋಗದಲ್ಲಿ ಇನ್ನೊಂದು ಪಾಠವೂ ಇತ್ತು. ಕಾಲಾ-ಅಜಾರ್ ದೇಹದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಹಾಗಾಗಿ ಅನೇಕ ರೋಗಿಗಳು ಕೊನೆಗೆ ಸಾಯುತ್ತಿದ್ದದ್ದು ನ್ಯುಮೋನಿಯಾ, ರಕ್ತಭೇದಿ ಅಥವಾ ಕ್ಷಯದಿಂದ. ಒಂದು ರೋಗದ ಹೆಸರು ಬರೆದುಕೊಂಡು ಸುಮ್ಮನಾದ ವೈದ್ಯ ರೋಗಿಯನ್ನು ಕಳೆದುಕೊಳ್ಳುತ್ತಿದ್ದ.

ಲಾಟೀನು ಬೆಳಕಿನ ಕೋಣೆ

1913ರ ನಂತರ ಬ್ರೆಜಿಲ್ ಮತ್ತು ಇಟಲಿಯ ವೈದ್ಯರು ಆಂಟಿಮನಿ ಎಂಬ ಧಾತುವಿನ ಲವಣವನ್ನು ರಕ್ತನಾಳಕ್ಕೆ ಚುಚ್ಚಿ ಈ ಜಾತಿಯ ರೋಗಗಳಲ್ಲಿ ಗುಣ ಕಂಡರು. ಟಾರ್ಟಾರ್ ಎಮೆಟಿಕ್ ಎಂಬ ಆ ಔಷಧವನ್ನು ಕೋಲ್ಕತ್ತದಲ್ಲಿ ಲಿಯೊನಾರ್ಡ್ ರಾಜರ್ಸ್ 1915ರಲ್ಲಿ ಕಾಲಾ-ಅಜಾರ್‌ಗೆ ಬಳಸಿದರು. ಗುಣವಾಗುತ್ತಿತ್ತು ನಿಜ. ಆದರೆ ತಿಂಗಳುಗಟ್ಟಲೆ ಚುಚ್ಚಬೇಕು. ವಾಂತಿ, ಕೆಮ್ಮು ಬರುತ್ತಿತ್ತು. ಸೂಜಿ ಜಾರಿ ಔಷಧ ರಕ್ತನಾಳದ ಹೊರಗೆ ಬಿದ್ದರೆ ತೋಳು ಊದಿ ಉರಿಯುತ್ತಿತ್ತು. ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಹೋಗುವವರೇ ಹೆಚ್ಚು.

ಬ್ರಹ್ಮಚಾರಿ ಇದಕ್ಕಿಂತ ಸೌಮ್ಯವಾದ ಆಂಟಿಮನಿ ಔಷಧ ಹುಡುಕಲು ಹೊರಟರು. ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕ ಪ್ರಯೋಗಾಲಯ ಒಂದು ಪುಟ್ಟ ಕೋಣೆ. ಅಲ್ಲಿ ಗ್ಯಾಸ್ ಸಂಪರ್ಕ ಇರಲಿಲ್ಲ, ನಲ್ಲಿ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಹಗಲು ರೋಗಿಗಳು ಮತ್ತು ವಿದ್ಯಾರ್ಥಿಗಳು, ರಾತ್ರಿ ಸೀಮೆಎಣ್ಣೆ ಲಾಟೀನಿನ ಬೆಳಕಲ್ಲಿ ಪ್ರಯೋಗ. ಇಂದಿನ ಐಸಿಎಂಆರ್‌ನ ಹಿಂದಿನ ರೂಪವಾದ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್‌ನ ಧನಸಹಾಯ ಅವರ ಕೈ ಹಿಡಿಯಿತು.

ಸೋಡಿಯಂ ಲವಣ, ಲೋಹದ ಸೂಕ್ಷ್ಮ ಪುಡಿ ಹೀಗೆ ಒಂದಾದ ಮೇಲೊಂದು ಪ್ರಯತ್ನ ನಡೆಯಿತು. ಕ್ವಿನೈನ್ ಚುಚ್ಚುವಾಗ ಯೂರಿಯಾ ಬೆರೆಸಿದರೆ ನೋವು ಕಡಿಮೆಯಾಗುವುದು ಅವರ ಗಮನದಲ್ಲಿತ್ತು. ಅದೇ ಜಾಡು ಹಿಡಿದು ಸಾವಯವ ಆಂಟಿಮನಿ ಆಮ್ಲಕ್ಕೆ ಯೂರಿಯಾ ಜೋಡಿಸಿದರು. 1920ರಲ್ಲಿ ಯೂರಿಯಾ ಸ್ಟಿಬಮೈನ್ ಸಿದ್ಧವಾಯಿತು. 1922ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ತಿಂಗಳುಗಳ ಚಿಕಿತ್ಸೆ ಎರಡು-ಮೂರು ವಾರಕ್ಕೆ ಇಳಿಯಿತು.

ಶಿಲ್ಲಾಂಗ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ನಡೆದ ಪರೀಕ್ಷೆಯಲ್ಲೂ ಔಷಧ ಗೆದ್ದಿತು. ಅಸ್ಸಾಂ ಆಡಳಿತ ಅದನ್ನು ದೊಡ್ಡ ಮಟ್ಟದಲ್ಲಿ ಬಳಕೆಗೆ ತಂದಿತು. ಚಹಾ ತೋಟಗಳಲ್ಲಿ, ಹಳ್ಳಿಗಳಲ್ಲಿ ಶಿಬಿರಗಳು ನಡೆದವು. ಸುಮಾರು ಹತ್ತು ವರ್ಷದಲ್ಲಿ ಅಸ್ಸಾಂ ಒಂದರಲ್ಲೇ 3 ಲಕ್ಷಕ್ಕೂ ಹೆಚ್ಚು ಜೀವ ಉಳಿಯಿತೆಂದು ಅಲ್ಲಿನ ಆಡಳಿತವೇ ಅಂದಾಜಿಸಿತು.

ವಾಸಿಯಾದರೂ ಹೋಗದ ರೋಗಾಣು

ಇಷ್ಟಕ್ಕೇ ನಿಂತಿದ್ದರೆ ಬ್ರಹ್ಮಚಾರಿಯವರದು ಒಂದು ಔಷಧದ ಕತೆಯಷ್ಟೇ ಆಗುತ್ತಿತ್ತು. ಆದರೆ ಅವರು ಗುಣವಾದವರನ್ನೂ ಬಿಡದೆ ಗಮನಿಸುತ್ತಿದ್ದರು.

ಜ್ವರ ಬಿಟ್ಟು, ಗುಲ್ಮ ಇಳಿದು, ದುಡಿಮೆಗೆ ಮರಳಿದ ಕೆಲವರ ಮೈಮೇಲೆ ತಿಂಗಳುಗಳ ಅಥವಾ ವರ್ಷಗಳ ನಂತರ ಬಿಳಿಚು ಮಚ್ಚೆ, ಗಂಟು ಮೂಡುತ್ತಿದ್ದವು. ಮೇಲ್ನೋಟಕ್ಕೆ ಕುಷ್ಠದಂತೆ ಕಾಣುವ ರೋಗ. ಬ್ರಹ್ಮಚಾರಿ ಆ ಚರ್ಮದಲ್ಲಿ ಕಾಲಾ-ಅಜಾರ್‌ನ ರೋಗಾಣುವನ್ನೇ ಕಂಡರು. 1922ರಲ್ಲಿ ಅದನ್ನು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿದರು. ಇಂದು ವೈದ್ಯರು ಅದನ್ನು ಪಿಕೆಡಿಎಲ್ ಎನ್ನುತ್ತಾರೆ.

ಈ ಸಂಶೋಧನೆಯ ಮಹತ್ವ ದೊಡ್ಡದು. ಜ್ವರವಿಲ್ಲ, ಸಂಕಟವಿಲ್ಲ, ಓಡಾಡಿಕೊಂಡಿರುವ ವ್ಯಕ್ತಿ ರೋಗಾಣುವಿನ ತಂಗುದಾಣವಾಗಿರಬಲ್ಲ ಎಂಬುದನ್ನು ಅದು ತೋರಿಸಿತು. ಹೆಪಟೈಟಿಸ್ ಬಿ ಮತ್ತು ಸಿ ವಿಷಯದಲ್ಲಿ ಇಂದು ನಮ್ಮನ್ನು ಕಾಡುತ್ತಿರುವುದೂ ಇಂಥ ಸದ್ದಿಲ್ಲದ ಸೋಂಕೇ.

ನೊಬೆಲ್ ಹೊಸ್ತಿಲಲ್ಲಿ

1924ರಲ್ಲಿ ಅವರು ಕಾರ್ನ್‌ವಾಲಿಸ್ ಸ್ಟ್ರೀಟ್‌ನ ತಮ್ಮ ಮನೆಯಲ್ಲೇ ಬ್ರಹ್ಮಚಾರಿ ಸಂಶೋಧನಾ ಸಂಸ್ಥೆ ತೆರೆದರು. ಅದೇ ವರ್ಷ ಕೈಸರ್-ಎ-ಹಿಂದ್ ಚಿನ್ನದ ಪದಕ ಬಂತು. 1927ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದರೂ ಪಾಠ ನಿಲ್ಲಲಿಲ್ಲ. ಕಾರ್‌ಮೈಕಲ್ ವೈದ್ಯಕೀಯ ಕಾಲೇಜಿನಲ್ಲಿ ಉಷ್ಣವಲಯದ ರೋಗಗಳ ಪ್ರಾಧ್ಯಾಪಕರಾದರು. ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದರು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸಿ.ವಿ. ರಾಮನ್ ಅವರು ಭೌತಶಾಸ್ತ್ರ ಕಲಿಸಿದ್ದೂ ಇದೇ ವಿಜ್ಞಾನ ಕಾಲೇಜಿನಲ್ಲಿ.

1929ರಲ್ಲಿ ಬ್ರಹ್ಮಚಾರಿಯವರ ಹೆಸರು ವೈದ್ಯಕೀಯ ನೊಬೆಲ್‌ಗೆ ಸೂಚಿತವಾಯಿತು. ಆ ವರ್ಷದ ಪ್ರಶಸ್ತಿ ವಿಟಮಿನ್ ಸಂಶೋಧನೆಗೆ ಹೋಯಿತು. ಮರುವರ್ಷ ಕೋಲ್ಕತ್ತಕ್ಕೆ ನೊಬೆಲ್ ಬಂತು, ಆದರೆ ರಾಮನ್ ಅವರ ಮೂಲಕ. 1942ರಲ್ಲಿ ಬ್ರಹ್ಮಚಾರಿಯವರ ಹೆಸರು ಮತ್ತೆ ಹೋಯಿತು. ಯುದ್ಧದ ಕಾರಣ ಆ ವರ್ಷ ವೈದ್ಯಕೀಯ ನೊಬೆಲ್ ಯಾರಿಗೂ ಸಿಗಲಿಲ್ಲ.

ಅವರ ದಾರಿ ಸಲೀಸಾಗಿಯೂ ಇರಲಿಲ್ಲ. ಯೂರಿಯಾ ಸ್ಟಿಬಮೈನ್‌ನ ರಾಸಾಯನಿಕ ರಚನೆಯ ಬಗ್ಗೆ ವಾದ ಎದ್ದಿತು. ಜರ್ಮನಿಯ ಆಂಟಿಮನಿ ಔಷಧಗಳು ಪೈಪೋಟಿಗೆ ಬಂದವು. ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಗೌರವ ಅವರಿಗೆ ಕೊನೆಗೂ ಸಿಗಲಿಲ್ಲ. ಆದರೆ 1934ರಲ್ಲಿ ಸರ್ ಪದವಿ ಬಂತು. 1936ರಲ್ಲಿ ಇಂದೋರ್‌ನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ಗೆ ಅವರೇ ಅಧ್ಯಕ್ಷರು.

ರಕ್ತದ ಬಾಟಲಿ ಮತ್ತು ಕಾಣದ ಅಪಾಯ

ಬಂಗಾಳದ ರೆಡ್ ಕ್ರಾಸ್ ಶಾಖೆಯ ಆಡಳಿತ ಮಂಡಳಿಗೆ ಅಧ್ಯಕ್ಷರಾದ ಮೊದಲ ಭಾರತೀಯರು ಬ್ರಹ್ಮಚಾರಿ. ರಕ್ತ ವರ್ಗಾವಣೆ ಸೇವೆಯ ಹೊಣೆಯೂ ಅವರ ಪಾಲಿಗೆ ಬಂತು. ರಕ್ತ ಕೊಟ್ಟರೆ ನಿಶ್ಶಕ್ತಿ ಬರುತ್ತದೆ ಎಂದು ಜನ ಹೆದರುತ್ತಿದ್ದ ಕಾಲದಲ್ಲಿ ಇಂಥ ಸೇವೆ ಕಟ್ಟುವುದು ಸಣ್ಣ ಮಾತಲ್ಲ.

ಅದೇ ಹೊತ್ತಿಗೆ ಜಗತ್ತಿನ ಇನ್ನೊಂದು ಮೂಲೆಯಿಂದ ಕೆಟ್ಟ ಸುದ್ದಿ ಬರುತ್ತಿತ್ತು. 1942ರಲ್ಲಿ ಹಳದಿ ಜ್ವರದ ಲಸಿಕೆ ಪಡೆದ ಅಮೆರಿಕದ ಸೈನಿಕರಲ್ಲಿ ಸುಮಾರು 50 ಸಾವಿರ ಮಂದಿ ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಲಸಿಕೆಗೆ ಬೆರೆಸಿದ್ದ ಮನುಷ್ಯರ ರಕ್ತಸಾರದಲ್ಲಿ ಏನೋ ಇತ್ತು. ಅದು ಹೆಪಟೈಟಿಸ್ ಬಿ ಎಂದು ಬಹಳ ಕಾಲದ ನಂತರ ಖಚಿತವಾಯಿತು.

ವಾಸ್ತವವಾಗಿ ಸುಳಿವು ಅದಕ್ಕೂ 60 ವರ್ಷ ಹಿಂದೆಯೇ ಸಿಕ್ಕಿತ್ತು. ಜರ್ಮನಿಯ ಬ್ರೆಮೆನ್‌ನ ಹಡಗುಕಟ್ಟೆಯಲ್ಲಿ 1883ರಲ್ಲಿ 1,289 ಕಾರ್ಮಿಕರಿಗೆ ಸಿಡುಬಿನ ಲಸಿಕೆ ಹಾಕಲಾಗಿತ್ತು. ಮನುಷ್ಯರ ದೇಹದಿಂದಲೇ ತೆಗೆದ ದ್ರವ ಅದು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 191 ಮಂದಿಗೆ ಕಾಮಾಲೆ ಬಂತು. ಗಾರ್ಡನ್ ರೀಚ್‌ನಂಥದೇ ಒಂದು ದುಡಿಯುವ ದಂಡೆ, ಅಂಥದೇ ಕೂಲಿಕಾರರು. ರಕ್ತದ ಮೂಲಕ ಕಾಮಾಲೆ ಹರಡುತ್ತದೆ ಎಂಬುದಕ್ಕೆ ವೈದ್ಯಕೀಯ ದಾಖಲೆಯಲ್ಲಿ ಸಿಗುವ ಮೊದಲ ದೊಡ್ಡ ಸಾಕ್ಷಿ ಅವರೇ.

ಚುಚ್ಚುಮದ್ದಿನ ಇನ್ನೊಂದು ಮುಖ ಕಂಡದ್ದು ಈಜಿಪ್ಟ್‌ನಲ್ಲಿ. ನೈಲ್ ನದಿಯ ರೈತರನ್ನು ಕಾಡುತ್ತಿದ್ದ ಶಿಸ್ಟೊಸೋಮಿಯಾಸಿಸ್ ಎಂಬ ಹುಳುರೋಗಕ್ಕೆ ಅಲ್ಲಿ ದಶಕಗಳ ಕಾಲ ಆಂಟಿಮನಿ ಔಷಧ ಚುಚ್ಚಲಾಯಿತು. ಕೋಲ್ಕತ್ತದಲ್ಲಿ ರಾಜರ್ಸ್ ಬಳಸಿದ್ದ ಅದೇ ಟಾರ್ಟಾರ್ ಎಮೆಟಿಕ್. ಗಾಜಿನ ಸಿರಿಂಜ್‌ಗಳನ್ನು ಸರಿಯಾಗಿ ಶುದ್ಧ ಮಾಡದೆ ಒಬ್ಬರಿಂದ ಒಬ್ಬರಿಗೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಇಡೀ ದೇಶಕ್ಕೆ ಹರಡಿತು. ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇದ್ದ ದೇಶಗಳಲ್ಲಿ ಈಜಿಪ್ಟ್ ಒಂದಾಯಿತು. ಹುಳುರೋಗ ಕಡಿಮೆಯಾಯಿತು, ಲಿವರ್ ರೋಗ ಉಳಿಯಿತು. ಮುಂದೆ ಅದೇ ಈಜಿಪ್ಟ್ ಕೋಟ್ಯಂತರ ಜನರ ರಕ್ತ ಪರೀಕ್ಷೆ ಮಾಡಿ, ಉಚಿತ ಚಿಕಿತ್ಸೆ ಕೊಟ್ಟು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೆಚ್ಚುಗೆ ಪಡೆಯಿತು ಎಂಬುದೂ ನೆನಪಿರಬೇಕು.

ಇದರ ಅರ್ಥ ಬ್ರಹ್ಮಚಾರಿಯವರ ಔಷಧ ತಪ್ಪು ಎಂದಲ್ಲ. ಆಂಟಿಮನಿ ಇಲ್ಲದಿದ್ದರೆ ಆ ಲಕ್ಷಾಂತರ ಜನ ಬದುಕುತ್ತಲೇ ಇರಲಿಲ್ಲ. ಆದರೆ ಔಷಧ ಸರಿಯಿದ್ದರೆ ಸಾಲದು, ಸೂಜಿ ಮತ್ತು ರಕ್ತವೂ ಶುದ್ಧವಿರಬೇಕು. ಆ ಶುದ್ಧತೆಯನ್ನು ಅಳೆಯುವ ಸಾಧನ ಅವರ ಕಾಲಕ್ಕೆ ಇರಲಿಲ್ಲ.

1946ರ ಫೆಬ್ರವರಿ 6ರಂದು, 72ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮರುವರ್ಷ, 1947ರಲ್ಲಿ ಬ್ರಿಟನ್ನಿನ ವೈದ್ಯ ಮೆಕ್‌ಕಲಮ್ ಎರಡು ಬಗೆಯ ಕಾಮಾಲೆಗೆ ಹೆಪಟೈಟಿಸ್ ಎ ಮತ್ತು ಬಿ ಎಂಬ ಹೆಸರು ಸೂಚಿಸಿದರು. ಬರುಚ್ ಬ್ಲೂಂಬರ್ಗ್ ಅವರ ಕೆಲಸದಿಂದ ಬಿ ವೈರಸ್‌ನ ಜಾಡು ಸಿಕ್ಕಿದ್ದು 1965ರಲ್ಲಿ. ಅವರ ಹುಟ್ಟುಹಬ್ಬವಾದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ. ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಭಾರತದ ರಕ್ತನಿಧಿಗಳಲ್ಲಿ ದಾನಿಯ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ.

ಜೋಡಿ ಸೋಂಕು ಎಷ್ಟು ಸಾಮಾನ್ಯ?

ಈಗ ಇಂದಿನ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಿಗೆ ಹೆಪಟೈಟಿಸ್ ಬಿ, 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇತ್ತು. ಆ ವರ್ಷ ಈ ಕಾಯಿಲೆಗಳಿಂದ 13 ಲಕ್ಷ ಜನ ಸತ್ತರು. ಭಾರತದ ಪಾಲು ಸುಮಾರು 2.98 ಕೋಟಿ ಹೆಪಟೈಟಿಸ್ ಬಿ ಮತ್ತು 55 ಲಕ್ಷ ಹೆಪಟೈಟಿಸ್ ಸಿ.

ಇವರಲ್ಲಿ ಎರಡೂ ಇರುವವರು ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಯಾರನ್ನು ಪರೀಕ್ಷೆ ಮಾಡಿದ್ದೀರಿ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಸಾಮಾನ್ಯ ರಕ್ತದಾನಿಗಳಲ್ಲಿ ಜೋಡಿ ಸೋಂಕು ಅಪರೂಪ. ಆದರೆ ಪದೇ ಪದೇ ರಕ್ತ ಪಡೆಯುವ ಥಲಸ್ಸೀಮಿಯಾ ರೋಗಿಗಳು, ಡಯಾಲಿಸಿಸ್‌ನಲ್ಲಿರುವವರು, ಸೂಜಿ ಹಂಚಿಕೊಂಡು ಮಾದಕವಸ್ತು ಚುಚ್ಚಿಕೊಳ್ಳುವವರು, ಎಚ್‌ಐವಿ ಇರುವವರಲ್ಲಿ ಅದು ಎದ್ದು ಕಾಣುತ್ತದೆ. ಕಾರಣ ಸರಳ. ಎರಡೂ ವೈರಸ್‌ಗಳಿಗೆ ರಕ್ತವೇ ಹೆದ್ದಾರಿ. ಒಂದಕ್ಕೆ ತೆರೆದ ಬಾಗಿಲು ಇನ್ನೊಂದಕ್ಕೂ ತೆರೆದಿರುತ್ತದೆ.

ಪರೀಕ್ಷೆಯ ವಿಧಾನವೂ ಲೆಕ್ಕವನ್ನು ಬದಲಿಸುತ್ತದೆ. ಹೆಪಟೈಟಿಸ್ ಸಿ ಆ್ಯಂಟಿಬಾಡಿ ಪಾಸಿಟಿವ್ ಬಂದ ಮಾತ್ರಕ್ಕೆ ಸೋಂಕು ಈಗಲೂ ಇದೆ ಎಂದಲ್ಲ. ಹಿಂದೆ ಬಂದು ಹೋಗಿರಬಹುದು. ಆರ್‌ಎನ್‌ಎ ಪರೀಕ್ಷೆ ಮಾಡಿದರಷ್ಟೇ ಖಚಿತ. ಹೆಪಟೈಟಿಸ್ ಬಿ ವಿಷಯದಲ್ಲಿ ಇದಕ್ಕೆ ಉಲ್ಟಾ. ಸಾಮಾನ್ಯವಾಗಿ ಮಾಡುವ ಎಚ್‌ಬಿಎಸ್‌ಎಜಿ ಪರೀಕ್ಷೆ ನೆಗೆಟಿವ್ ಬಂದರೂ ಕೆಲವರ ಲಿವರ್‌ನಲ್ಲಿ ವೈರಸ್ ಅಡಗಿರುತ್ತದೆ.

ಎರಡೂ ಒಟ್ಟಿಗಿದ್ದರೆ ಲಿವರ್ ಗಟ್ಟಿಯಾಗುವ ಸಿರೋಸಿಸ್ ಮತ್ತು ಲಿವರ್ ಕ್ಯಾನ್ಸರ್‌ನ ಅಪಾಯ ಹೆಚ್ಚು. ಇನ್ನೊಂದು ವಿಚಿತ್ರವೂ ಇದೆ. ಹೆಚ್ಚಿನ ಸಲ ಸಿ ವೈರಸ್ ತಾನು ಮೇಲುಗೈ ಸಾಧಿಸಿ ಬಿ ವೈರಸನ್ನು ಹತ್ತಿಕ್ಕಿರುತ್ತದೆ. ಔಷಧ ಕೊಟ್ಟು ಸಿ ವೈರಸನ್ನು ಓಡಿಸಿದಾಗ, ಮಲಗಿದ್ದ ಬಿ ವೈರಸ್ ಎದ್ದು ಕೂರಬಹುದು. ಕೆಲವರಲ್ಲಿ ಇದು ಲಿವರ್ ವೈಫಲ್ಯದವರೆಗೂ ಹೋಗಿದೆ. ಹೀಗಾಗಿಯೇ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೆಪಟೈಟಿಸ್ ಸಿ ಮಾತ್ರೆ ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಲೇಬೇಕೆಂದು ಔಷಧಗಳ ಮೇಲೆ ಎಚ್ಚರಿಕೆ ಮುದ್ರಿಸಲು ಸೂಚಿಸಿತು.

ನಾವು ಮಾಡಬೇಕಾದ್ದೇನು?

ಒಳ್ಳೆಯ ಸುದ್ದಿ ಏನೆಂದರೆ, ಬ್ರಹ್ಮಚಾರಿಯವರ ಕಾಲದಲ್ಲಿ ಇಲ್ಲದ್ದೆಲ್ಲ ಇಂದು ನಮ್ಮ ಬಳಿ ಇದೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಕೊಡಿಸಬೇಕು. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಅದು ಉಚಿತ. ಸೋಂಕು ಬಂದವರಿಗೆ ವೈರಸನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆಗಳಿವೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ಶೇ. 95ಕ್ಕಿಂತ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಎರಡಕ್ಕೂ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿಂದೆ ರಕ್ತ ಪಡೆದವರು, ಅದರಲ್ಲೂ 2001ಕ್ಕೂ ಮೊದಲು ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಜಾತ್ರೆಯಲ್ಲೋ ರಸ್ತೆ ಬದಿಯಲ್ಲೋ ಹಚ್ಚೆ ಹಾಕಿಸಿಕೊಂಡವರು, ಒಂದೇ ಸೂಜಿಯನ್ನು ಹಲವರಿಗೆ ಬಳಸುವ ಕಡೆ ಇಂಜೆಕ್ಷನ್ ತೆಗೆದುಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಬಲ್ಲದು. ಹಾಗಾಗಿ ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳಲು ಸಂಕೋಚ ಬೇಡ.

ಒಂದು ಸೋಂಕು ಪತ್ತೆಯಾದರೆ ಇನ್ನೊಂದರ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಜೊತೆಗೆ ಎಚ್‌ಐವಿ ಪರೀಕ್ಷೆಯೂ ಇರಲಿ. ಬಿ ಇಲ್ಲ, ಸಿ ಮಾತ್ರ ಇದೆ ಎಂದಾದರೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಮನೆಯವರಿಗೂ ಪರೀಕ್ಷೆ ಮಾಡಿಸಿ. ಒಟ್ಟಿಗೆ ಊಟ ಮಾಡುವುದರಿಂದ, ಕೈ ಕುಲುಕುವುದರಿಂದ ಇವು ಹರಡುವುದಿಲ್ಲ. ಹಾಗಾಗಿ ಸೋಂಕಿತರಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಅಗತ್ಯವಿಲ್ಲ.

ಕೋಲ್ಕತ್ತದ ಲೌಡನ್ ಸ್ಟ್ರೀಟ್‌ಗೆ ಈಗ ಬ್ರಹ್ಮಚಾರಿಯವರ ಹೆಸರಿದೆ. ಯೂರಿಯಾ ಸ್ಟಿಬಮೈನ್ ಇಂದು ಬಳಕೆಯಲ್ಲಿಲ್ಲ. ಕಾಲಾ-ಅಜಾರ್‌ಗೆ ಈಗ ಒಂದೇ ದಿನದ ಚಿಕಿತ್ಸೆ ಬಂದಿದೆ. ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ ಮತ್ತು ಪಶ್ಚಿಮ ಬಂಗಾಳದ 633 ಬ್ಲಾಕ್‌ಗಳಲ್ಲಿ ಉಳಿದಿದ್ದ ಈ ರೋಗ 2023ರ ಅಂತ್ಯಕ್ಕೆ ನಿರ್ಮೂಲನೆಯ ಗುರಿಯಾದ 10 ಸಾವಿರ ಜನರಿಗೆ ಒಂದು ಪ್ರಕರಣಕ್ಕಿಂತ ಕೆಳಗೆ ಇಳಿಯಿತು. ಈಗಲೂ ಕಾಲಾ-ಅಜಾರ್ ಪತ್ತೆಯಾದ ರೋಗಿಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ. ವಾಸಿಯಾದವರ ಚರ್ಮದ ಮೇಲೆ ಮಚ್ಚೆ ಬಂತೇ ಎಂದು ಮತ್ತೆ ಮತ್ತೆ ನೋಡುತ್ತಾರೆ.

ಲಾಟೀನು ಬೆಳಕಿನ ಕೋಣೆಯಲ್ಲಿ ಕೂತ ಆ ವೈದ್ಯ 100 ವರ್ಷದ ಹಿಂದೆ ಮಾಡುತ್ತಿದ್ದದ್ದೂ ಅದನ್ನೇ. ಒಂದು ರೋಗ ಸಿಕ್ಕ ಮೇಲೂ ಅವರು ಹುಡುಕುವುದನ್ನು ನಿಲ್ಲಿಸಲಿಲ್ಲ. ನಿಮ್ಮ ರಕ್ತ ಪರೀಕ್ಷೆಯ ವರದಿ ಕೈಗೆ ಬಂದಾಗ ನೀವೂ ಒಮ್ಮೆ ನೋಡಿ. ಅದರಲ್ಲಿ ಬಿ ಮತ್ತು ಸಿ ಎರಡರ ಫಲಿತಾಂಶವೂ ಇದೆಯೇ?